ನೀರು ಬಂದ ದಾರಿ, ನೀರು ಹೋಗುವ ದಾರಿ

ನಮ್ಮ ದೇವಾಲಯದ ಕಟ್ಟಡದ ಚರಿತ್ರೆಯನ್ನು ಬರೆದುಕೊಡಬೇಕೆಂದು ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡಿದ್ದರು. ಅಸ್ತಿಭಾರದ ಕಲ್ಲನ್ನು ಯಾರು ಇಟ್ಟರು, ಗಂಟೆ ಎಲ್ಲಿಂದ ಬಂದಿತು, ಪೀಠದ ಮರಗೆಲಸ ಯಾರದು ಎಂಬ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಇದೇ ಸಂಚಿಕೆಯ ಇತರ ಪುಟಗಳಲ್ಲಿ ಬರೆದಿರುವರು. ಅವರ ಎಲೆಗೆ ನಾನು ಕೈಹಾಕುವುದು ಸರಿಯಲ್ಲ. ಆದುದರಿಂದ ಕಟ್ಟಡವೆಂಬ ಪದವನ್ನು ಸ್ವಲ್ಪ ವಿಶಾಲವಾದ ಅರ್ಥದಲ್ಲಿ ತೆಗೆದುಕೊಂಡು, ಗೆಜ್ಜಲಗೆರೆಯ ಸುತ್ತಣ ಈ ಸೀಮೆಯಲ್ಲಿ ಮನುಷ್ಯರು ಕಟ್ಟಿದ ಕೆರೆ, ಮನೆ, ನಾಲೆ, ರಸ್ತೆಗಳು ಅವರ ಶರೀರಕ್ಕೆ ಏನು ಮಾಡಿದವು ಎಂಬ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಶತಮಾನೋತ್ಸವದ ನೆನಪಿಗಾಗಿ ಆವರಣದ ಮುಂಭಾಗದಲ್ಲಿ ಒಂದು ಕಮಾನಿನ ಮಹಾದ್ವಾರವನ್ನು ನಿರ್ಮಿಸಬೇಕೆಂದು ಸಮಿತಿಯ ಬಹುಮಂದಿಯ ಅಪೇಕ್ಷೆಯಾಗಿತ್ತು. ಹಿಂಭಾಗದಲ್ಲಿ ಮಳೆನೀರೂ ಬಚ್ಚಲು ನೀರೂ ಸೇರಿ ವರ್ಷದ ಆರು ತಿಂಗಳು ನಿಲ್ಲುವ ಜಾಗವೊಂದಿದೆ; ಅದಕ್ಕೆ ಕಲ್ಲುಕಟ್ಟಿದ ಮುಚ್ಚುಚರಂಡಿ ಬೇಕೆಂಬುದು ನನ್ನ ಅಪೇಕ್ಷೆ. ಎರಡಕ್ಕೂ ಸಾಲುವಷ್ಟು ಹಣವಿಲ್ಲ. ಮಹಾದ್ವಾರದ ಪಕ್ಷದವರು ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದಾರೆ. “ಸ್ವಾಮಿಯವರು ನೂರು ವರ್ಷದ ಹಬ್ಬಕ್ಕೆ ಚರಂಡಿ ತೋಡಿಸಲು ಹೊರಟಿದ್ದಾರೆ” ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ಈ ಲೇಖನವು ಒಂದು ವಿಧದಲ್ಲಿ ಅವರಿಗೆ ನನ್ನ ಉತ್ತರವೆಂದು ತಿಳಿದರೂ ಅಡ್ಡಿಯಿಲ್ಲ.

ಧರ್ಮಗುರುವಿಗೆ ಗೋಡೆ ಚರಂಡಿಗಳ ಗೊಡವೆ ಏಕೆ ಎನ್ನುವವರು ಯಾಜಕಕಾಂಡದ ಹದಿನಾಲ್ಕನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬೇಕು. ಮನೆಯ ಗೋಡೆಯಲ್ಲಿ ಹಸಿರು ಅಥವಾ ಕೆಂಪು ಬಣ್ಣದ ಮಚ್ಚೆಗಳು ಕಾಣಿಸಿಕೊಂಡರೆ ಮನೆಯೊಡೆಯನು ಯಾಜಕನಿಗೆ ತಿಳಿಸಬೇಕು. ಯಾಜಕನು ಬಂದು ಪರೀಕ್ಷಿಸಿ ಮನೆಯನ್ನು ಏಳು ದಿವಸ ಮುಚ್ಚಿಸಬೇಕು. ಮಚ್ಚೆ ಹರಡಿದ್ದರೆ ಆ ಕಲ್ಲುಗಳನ್ನು ಕೀಳಿಸಿ, ಗಾರೆಯನ್ನು ಕೆರೆಸಿ, ಊರಾಚೆ ಹಾಕಿಸಬೇಕು. ಮತ್ತೆಯೂ ಬಂದರೆ ಮನೆಯನ್ನೇ ಕೆಡವಿಸಬೇಕು. ಗುರುಮಠದಲ್ಲಿ ಓದುವಾಗ ನಾವು ತರುಣರು ಈ ಅಧ್ಯಾಯವನ್ನು ಬೇಸರದಿಂದ ದಾಟಿಬಿಡುತ್ತಿದ್ದೆವು. ಈಗ ಅನ್ನಿಸುತ್ತದೆ, ಆರೋಗ್ಯ ಇಲಾಖೆಯ ನಿರೀಕ್ಷಕರ ಕೆಲಸವನ್ನು ಒಂದು ಕಾಲದಲ್ಲಿ ನಮಗೇ ವಹಿಸಿದ್ದರು.

ಮೊದಲು ಕೆರೆಯ ಮಾತು. ನಮ್ಮ ಊರಿನ ಹೆಸರಿನಲ್ಲೇ ಕೆರೆಯಿದೆ. ಮದ್ದೂರು, ಮಳವಳ್ಳಿ, ಮಂಡ್ಯ ತಾಲ್ಲೂಕುಗಳಲ್ಲಿ ಹೀಗೆ ಕೆರೆಯನ್ನು ಹೆಸರಿನ ಕೊನೆಗೆ ಕಟ್ಟಿಕೊಂಡ ಊರುಗಳು ಎಷ್ಟೋ ಇವೆ. ಹಳಬರು ಕೆರೆ ಕಟ್ಟಿದಾಗ ಅದಕ್ಕೆ ಮೂರು ಅಂಗಗಳನ್ನು ತಪ್ಪದೆ ಇಡುತ್ತಿದ್ದರು. ನೀರನ್ನು ತಡೆಯಲು ಏರಿ. ಬೇಕಾದಷ್ಟನ್ನು ಗದ್ದೆಗೆ ಬಿಡಲು ತೂಬು. ಹೆಚ್ಚಾದದ್ದು ಹೊರಗೆ ಹೋಗಲು ಕೋಡಿ. ಕೋಡಿಯಿಂದ ಹೊರಬಿದ್ದ ನೀರು ಹಳ್ಳಹಿಡಿದು ಕೆಳಗಿನ ಊರಿನ ಕೆರೆಗೆ ಸೇರುತ್ತಿತ್ತು, ಅಲ್ಲಿಂದ ಅದರಾಚೆಗೆ. ಈ ವ್ಯವಹಾರವನ್ನು ನೋಡಿಕೊಳ್ಳಲು ನೀರುಗಂಟಿಯೆಂಬ ಒಬ್ಬ ಮನುಷ್ಯನಿದ್ದನು. ಆತನಿಗೆ ಓದುಬರಹ ಬಾರದಿದ್ದರೂ ಯಾವ ಗದ್ದೆಗೆ ನೀರು ಯಾವ ಜಾವದಲ್ಲಿ ಹೋಗಬೇಕು, ಎಲ್ಲಿಂದ ಬಸಿದು ಹೊರಬೀಳಬೇಕು ಎಂಬುದು ಬಾಯಿಪಾಠವಾಗಿತ್ತು. ಕೋಡಿಯಿಲ್ಲದ ಕೆರೆ ಒಡೆಯುತ್ತದೆಂಬುದು ಕೂಸಿಗೂ ತಿಳಿದ ವಿಷಯ. ಕೋಡಿಯಿಲ್ಲದ ಊರು ಏನಾಗುತ್ತದೆ ಎಂಬುದನ್ನು ತಿಳಿಯಲು ನಮಗೆ ಬಹಳ ಕಾಲ ಹಿಡಿಯಿತು.

ಹಾಗೆಂದು ಹಳೆಯ ಕಾಲವೇ ಆರೋಗ್ಯದ ಕಾಲವೆಂದು ನಾನು ಹೇಳಲಾರೆ. ಹಾಗೆ ಹೇಳುವವರು ಹಳೆಯ ಮನೆಗಳೊಳಗೆ ಬೇಸಗೆಯ ಒಂದು ರಾತ್ರಿಯಾದರೂ ಮಲಗಿ ನೋಡಿರಬೇಕು. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಕೈಯಗಲದ ಗವಾಕ್ಷಿ. ಒಳಹೊಕ್ಕರೆ ಬಲಕ್ಕೆ ದನದ ಕೊಟ್ಟಿಗೆ, ಎಡಕ್ಕೆ ಒಲೆ, ನಡುವೆ ಮನುಷ್ಯರು. ಕಳ್ಳರ ಭಯವೂ ಗಾಳಿಯ ಭಯವೂ ಕೂಡಿ ಕಿಟಕಿಯನ್ನು ಕಿರಿದುಮಾಡಿದ್ದವು. ಕ್ಷಯದ ಕೆಮ್ಮು ಒಬ್ಬರಿಂದ ಒಬ್ಬರಿಗೆ ದಾಟಲು ಇದಕ್ಕಿಂತ ಅನುಕೂಲವಾದ ಸ್ಥಳ ಬೇಕಿರಲಿಲ್ಲ. ರಾಗಿಯನ್ನು ತುಂಬುವ ಹಗೇವು ಮನೆಯ ಮುಂದೆಯೋ ಬೀದಿಯಲ್ಲೋ ನೆಲದಡಿಯಲ್ಲಿರುತ್ತಿತ್ತು. ಬಹುದಿನ ಮುಚ್ಚಿದ್ದ ಹಗೇವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕೆಂಬುದು ಪದ್ಧತಿ. ಆ ಪದ್ಧತಿಯನ್ನು ಮರೆತವರು ಮೇಲಕ್ಕೆ ಬರಲಿಲ್ಲ. ಕಟ್ಟಡದೊಳಗಿನ ಗಾಳಿಯೂ ಕೊಲ್ಲಬಲ್ಲುದೆಂಬ ಪಾಠವು ನಮ್ಮ ರೈತರಿಗೆ ಪುಸ್ತಕದಿಂದ ಬಂದದ್ದಲ್ಲ.

ಚಳಿಜ್ವರವೂ ಹಳೆಯದೇ. ಅದು ಬಹುಕಾಲ ಕಾಡಿದವರ ಹೊಟ್ಟೆಯ ಎಡಭಾಗದಲ್ಲಿ ಊದಿಕೊಳ್ಳುವ ಗುಲ್ಮಕ್ಕೆ ನಮ್ಮ ಜನರು ಜ್ವರಗಡ್ಡೆ ಎಂಬ ಹೆಸರನ್ನೇ ಇಟ್ಟಿದ್ದರು. ಈ ಜಿಲ್ಲೆಯ ಚರಿತ್ರೆಯಲ್ಲಿ ಜ್ವರವು ರಾಜ್ಯಕಾರ್ಯವನ್ನೂ ತಿರುಗಿಸಿದ ಸಂಗತಿಯೊಂದಿದೆ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಬ್ರಿಟಿಷರ ಸೈನ್ಯವು ಕೋಟೆಯಲ್ಲಿಯೇ ಬೀಡುಬಿಟ್ಟಿತು. ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಸುತ್ತಲೂ ಅರಸರ ಕಾಲದಿಂದ ಬಂದ ನಾಲೆಗಳು, ಗದ್ದೆಗಳು, ಕೋಟೆಯ ಕಂದಕಗಳು. ಫಿರಂಗಿಗೆ ಅಂಜದ ಸಿಪಾಯಿಗಳು ಜ್ವರಕ್ಕೆ ಸಾಲಾಗಿ ಮಲಗಿದರು. ಕೊನೆಗೆ 1809ರಲ್ಲಿ ದಂಡನ್ನು ಬೆಂಗಳೂರಿನ ಎತ್ತರದ ಬಯಲಿಗೆ ಸಾಗಿಸಬೇಕಾಯಿತು. ಬೆಂಗಳೂರು ದಂಡುಪ್ರದೇಶ ಹುಟ್ಟಿದ್ದು ಹೀಗೆ. ನಮ್ಮ ಮಕ್ಕಳು ಇಂದು ಉದ್ಯೋಗವನ್ನು ಅರಸಿ ಓಡುವ ಆ ಮಹಾನಗರಕ್ಕೆ ಮಂಡ್ಯ ಸೀಮೆಯ ಸೊಳ್ಳೆಯೂ ಒಂದು ಕಾರಣವೆಂದು ಹೇಳಿದರೆ ನಗಬಾರದು.

ಆ ಕಾಲದಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿದ್ದ ಫ್ರೆಂಚ್ ಧರ್ಮಗುರು ಅಬ್ಬೆ ದುಬುವಾ ಅವರನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆ. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದರು. ಸಿಡುಬಿಗೆ ದೇವಿ ಹಾಕಿಸುವ ಕಾರ್ಯವನ್ನು ಮೈಸೂರು ಸೀಮೆಯಲ್ಲಿ 1803-04ರಲ್ಲೇ ಕೈಗೊಂಡು, 25,000ಕ್ಕೂ ಮೇಲ್ಪಟ್ಟ ಜನರಿಗೆ ಹಾಕಿಸಿದವರು ಅವರು. ಸಿಡುಬಿಗೆ ಕೆರೆನಾಲೆಗಳ ಸಂಬಂಧವಿಲ್ಲ, ನಿಜ. ಆದರೂ ಗುರುಗಳು ಪೂಜೆಪೀಠದಿಂದ ಇಳಿದು ಊರಿನ ರೋಗದ ಕಡೆಗೆ ನೋಡುವುದು ಹೊಸ ಪದ್ಧತಿಯಲ್ಲವೆಂದು ತೋರಿಸಲು ಈ ಮಾತನ್ನು ಎತ್ತಿದೆ.

ಜ್ವರಕ್ಕೂ ನಿಂತ ನೀರಿಗೂ ಏನೋ ನಂಟಿದೆಯೆಂಬುದು ಬಹು ಪ್ರಾಚೀನರಿಗೂ ಹೊಳೆದಿತ್ತು. ರೋಮ್ ನಗರದ ಸುತ್ತಣ ಜೌಗುಭೂಮಿ ಅದಕ್ಕೆ ಹೆಸರಾಗಿತ್ತು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾರ್ರೋ ಎಂಬ ರೋಮನ್ ಪಂಡಿತನು ಬೇಸಾಯವನ್ನು ಕುರಿತು ಬರೆಯುತ್ತ, ಜೌಗಿನ ಬಳಿ ಮನೆ ಕಟ್ಟಬೇಡಿರಿ, ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಹುಟ್ಟಿ ಬಾಯಿಮೂಗುಗಳ ಮೂಲಕ ಒಳಹೊಕ್ಕು ರೋಗವನ್ನುಂಟುಮಾಡುತ್ತವೆ ಎಂದು ಎಚ್ಚರಿಸಿದ್ದನು. ಲ್ಯಾಟಿನ್ ಪಾಠದಲ್ಲಿ ಇವನ ಹೆಸರು ಬಂದಾಗ ನಮಗೆ ವ್ಯಾಕರಣವಷ್ಟೇ ಕಂಡಿತು. ಮಲೇರಿಯಾ ಎಂಬ ಪದದ ಅರ್ಥ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದಷ್ಟೆ. ಅದಕ್ಕೆ ಮದ್ದಾದ ಸಿಂಕೋನಾ ಮರದ ತೊಗಟೆಯನ್ನು ಹದಿನೇಳನೆಯ ಶತಮಾನದಲ್ಲಿ ಪೆರು ದೇಶದಿಂದ ರೋಮಿಗೆ ತಂದು ಹರಡಿದವರು ಯೇಸುಸಭೆಯ ಗುರುಗಳು. ಅದರಿಂದ ಕ್ವಿನೈನನ್ನು ಬೇರ್ಪಡಿಸಿದ್ದು 1820ರಲ್ಲಿ.

ಕೆಟ್ಟ ಗಾಳಿಯಲ್ಲ, ಸೊಳ್ಳೆ ಎಂಬ ಗುಟ್ಟಿನ ಒಂದು ಎಳೆ ನಮ್ಮ ನಾಡಿನಲ್ಲೇ ಕಾಣಿಸಿಕೊಂಡಿತು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯನು ಬೆಂಗಳೂರಿನ ದಂಡಿನಲ್ಲಿದ್ದನು. ಅವನ ಬಂಗಲೆಯ ತುಂಬ ಸೊಳ್ಳೆಗಳು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ತುಂಬಿದ್ದುದನ್ನು ಕಂಡು ಅವನು ತೊಟ್ಟಿಯನ್ನು ಮಗುಚಿಹಾಕಿದನು, ಸೊಳ್ಳೆಗಳು ಕಡಿಮೆಯಾದವು. ಅಧಿಕಾರಿಗಳ ಭೋಜನಶಾಲೆಯಲ್ಲೂ ಹಾಗೆಯೇ ಮಾಡೋಣವೆಂದಾಗ, ಸೊಳ್ಳೆಗಳನ್ನು ಪ್ರಕೃತಿ ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಸಿದೆ, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯವೆಂದು ಮೇಲಿನವರು ಒಪ್ಪಲಿಲ್ಲವಂತೆ. ಇದೇ ರಾಸ್ ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಾಣುವನ್ನು ಕಂಡುಹಿಡಿದನು. ಆದರೆ ಉಪಾಯವು ಬೆಂಗಳೂರಿನ ಆ ಒಂದು ತೊಟ್ಟಿಯಲ್ಲೇ ಇತ್ತು: ನೀರನ್ನು ಚೆಲ್ಲುವುದು.

ಅದರ ಮರುವರ್ಷವೇ ಪ್ಲೇಗು ಬಂದಿತು. 1898ರ ಆಗಸ್ಟ್ ತಿಂಗಳಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರಿಗೆ ಬಂದು, ಅಲ್ಲಿಂದ ಮೈಸೂರು ಸಂಸ್ಥಾನದ ಪೇಟೆಪೇಟೆಗೂ ಹಬ್ಬಿತು. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುವುದೆಂಬುದನ್ನು ಸೈಮಂಡ್ ಎಂಬ ಫ್ರೆಂಚ್ ವೈದ್ಯನು ಅದೇ ವರ್ಷ ಕರಾಚಿಯಲ್ಲಿ ತೋರಿಸಿದನಾದರೂ ಅದನ್ನು ಲೋಕವು ನಂಬಲು ಕೆಲವು ವರ್ಷಗಳೇ ಬೇಕಾದವು. ಅಷ್ಟರಲ್ಲಿ ಸರ್ಕಾರದವರಿಗೆ ಕಂಡದ್ದು ಒಂದೇ ಉಪಾಯ: ಜನರನ್ನು ಮನೆಯಿಂದ ಹೊರಡಿಸುವುದು. ಹಳ್ಳಿಗಳಲ್ಲಿ ಇಲಿ ಬಿದ್ದಿತೆಂದು ಸುದ್ದಿಯಾದೊಡನೆ ಜನರು ತಾವಾಗಿಯೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಹೋದರು. ಪೇಟೆಗಳಲ್ಲಿ ಮಾತ್ರ ಬಲವಂತ ನಡೆಯಿತು. ಗಂಜಾಮಿನ ಜನ ಅಂದು ತಿರುಗಿಯೂ ಬಿದ್ದರು. ಮನೆಯನ್ನು ಮುಟ್ಟಿದರೆ ಮನುಷ್ಯನಿಗೆ ಎಷ್ಟು ನೋಯುತ್ತದೆ ಎಂಬುದನ್ನು ಆಳುವವರು ಅಂದೂ ತಿಳಿದಿರಲಿಲ್ಲ.

ಆದರೂ ಆ ಪಿಡುಗಿನಿಂದ ಒಂದು ಒಳ್ಳೆಯ ಬುದ್ಧಿ ಬಂದಿತೆಂದು ಒಪ್ಪಬೇಕು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಕೆಲಸ ಚುರುಕಾಯಿತು. ಅಗಲವಾದ ರಸ್ತೆ, ಮನೆಮನೆಗೂ ನಡುವೆ ತೆರವು, ಹಿಂದೆ ಕಸ ಸಾಗಿಸುವ ಓಣಿ. ಇವೆಲ್ಲವೂ ವೈದ್ಯರೂ ಇಂಜಿನಿಯರರೂ ಕೂಡಿ ಯೋಚಿಸಿದವು. 1910ರಲ್ಲಿ ಸಿದ್ಧವಾದ ಫ್ರೇಜರ್ ಟೌನಿನಲ್ಲಂತೂ ಇಲಿ ಹೊಗದಂಥ ಮನೆಗಳನ್ನೇ ಕಟ್ಟಲು ಪ್ರಯತ್ನಿಸಿದರು. ಮೈಸೂರು ನಗರಕ್ಕೆ 1903ರಲ್ಲಿಯೇ ನಗರಾಭಿವೃದ್ಧಿ ಮಂಡಳಿಯೊಂದು ಸ್ಥಾಪಿತವಾಯಿತು. ಹಳ್ಳಿಗೆ ಮಾತ್ರ ಈ ಬುದ್ಧಿಯಲ್ಲಿ ಪಾಲು ಸಿಗಲಿಲ್ಲ. ಪಿಡುಗು ಇಳಿದ ಮೇಲೆ ನಮ್ಮವರು ಗುಡಿಸಲನ್ನು ಕಿತ್ತು ಅದೇ ಕತ್ತಲ ಮನೆಗೆ ಹಿಂದಿರುಗಿದರು.

ಈಗ ನಾಲೆಗೆ ಬರೋಣ. ಈ ಸೀಮೆಯ ನಿಜವಾದ ಕಥೆ ಅದೇ.

ಕನ್ನಂಬಾಡಿಯ ಕಟ್ಟೆಯ ಕೆಲಸವು 1911ರಲ್ಲಿ ಪ್ರಾರಂಭವಾಗಿ ಸುಮಾರು ಎರಡು ದಶಕಗಳ ಕಾಲ ನಡೆಯಿತು. ಅದರ ಎಡದಂಡೆಯಿಂದ ಹೊರಟ ದೊಡ್ಡ ನಾಲೆಗೆ ಅಂದಿನ ವೈಸರಾಯರ ಹೆಸರಿನಿಂದ ಇರ್ವಿನ್ ನಾಲೆ ಎಂದು ಹೆಸರಿಟ್ಟರು. ಈಗ ಅದು ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ದಿಬ್ಬಕ್ಕೆ ಸುಮಾರು ಒಂದೂಮುಕ್ಕಾಲು ಮೈಲಿ ಉದ್ದದ ಸುರಂಗವನ್ನು ಕೊರೆದು ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣನೆಲಕ್ಕೆ ನೀರನ್ನು ದಾಟಿಸಿದರು. ಅಂದಾಜು 1,20,000 ಎಕರೆಗೆ ನೀರುಣಿಸುವ ಯೋಜನೆ. 1930ರ ದಶಕದ ಆರಂಭದಲ್ಲಿ ನೀರು ಹರಿಯಿತು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಗಿ ಮರುವರ್ಷ ಮಂಡ್ಯದಲ್ಲಿ ಕಬ್ಬು ಅರೆಯತೊಡಗಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ ಹುರುಳಿಗಳನ್ನು ಬೆಳೆದು ಮಳೆಗಾಗಿ ಬಾನನ್ನು ನೋಡುತ್ತಿದ್ದ ರೈತನು ಒಂದೇ ತಲೆಮಾರಿನಲ್ಲಿ ಭತ್ತ ಕಬ್ಬುಗಳ ಒಡೆಯನಾದನು. ಈ ಉಪಕಾರವನ್ನು ಕೃತಜ್ಞತೆಯಿಲ್ಲದೆ ನೆನೆಯುವವನು ಮನುಷ್ಯನಲ್ಲ. ಇಂದಿಗೂ ನಮ್ಮ ತಟ್ಟೆಯ ಅನ್ನ ಅಲ್ಲಿಂದಲೇ ಬರುತ್ತಿದೆ.

ಆದರೆ ನೀರಿನ ಬೆನ್ನಿಗೆ ಜ್ವರವೂ ನಾಲೆಯ ಉದ್ದಕ್ಕೂ ನಡೆದುಬಂದಿತು. ಕಾರಣವು ಯಾರ ಶಾಪವೂ ಅಲ್ಲ. ನಾಲೆಯ ಏರಿಗಾಗಿ ಮಣ್ಣು ತೋಡಿದ ಗುಂಡಿಗಳನ್ನು ಮುಚ್ಚದೆ ಬಿಟ್ಟಿದ್ದರು. ಅವು ತುಂಬಿ ನಿಂತವು. ಏರಿಯಿಂದ ಜಿನುಗಿದ ನೀರು ತಗ್ಗಿನಲ್ಲಿ ಜೌಗಾಯಿತು. ಕಾಲುವೆಗಳು ಗದ್ದೆಗೆ ನೀರನ್ನು ತಂದವು. ಗದ್ದೆಯಿಂದ ಹೊರಗೊಯ್ಯುವ ಬಸಿಗಾಲುವೆಗಳು ಸಾಕಷ್ಟಿರಲಿಲ್ಲ. ಹೊಲವೆಲ್ಲ ಗದ್ದೆಯಾಗುತ್ತ ನಾಟಿಯು ಮನೆಯ ಹಿತ್ತಿಲವರೆಗೂ ಬಂದಿತು. ಬಯಲುಸೀಮೆಯಲ್ಲಿ ಮಲೇರಿಯಾವನ್ನು ಹರಡುವ ಸೊಳ್ಳೆಗೆ ವಿದ್ವಾಂಸರು ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂದು ಹೆಸರಿಟ್ಟಿರುವರು. ಕೊಚ್ಚೆಯ ನೀರು ಅದಕ್ಕೆ ಆಗದು. ಬಿಸಿಲು ಬೀಳುವ ತಿಳಿನೀರೇ ಬೇಕು: ಹೊಸದಾಗಿ ನಾಟಿ ಮಾಡಿದ ಗದ್ದೆ, ಮಣ್ಣಿನ ಗುಂಡಿ, ನೀರು ನಿಲ್ಲಿಸಿದ ಕಾಲುವೆಯ ಮಡು. ಪೈರು ಎತ್ತರವಾಗಿ ನೆರಳಾದ ಮೇಲೆ ಅದರ ಕಾಟ ತಗ್ಗುತ್ತದೆ. ಹಗಲಿನಲ್ಲಿ ಅದು ಕೊಟ್ಟಿಗೆಯ ಕತ್ತಲಲ್ಲಿ, ಮನೆಯ ಗೋಡೆಯ ಮೇಲೆ ವಿಶ್ರಮಿಸುತ್ತದೆ. ಹೊರಗೆ ಗದ್ದೆಯೂ ಒಳಗೆ ಕೊಟ್ಟಿಗೆಯೂ ಇರುವ ನಮ್ಮ ಮನೆಯನ್ನು ಅದಕ್ಕಾಗಿಯೇ ಕಟ್ಟಿದ್ದರೋ ಎಂಬಂತಿತ್ತು.

ನಾನು ಗುರುದೀಕ್ಷೆ ಪಡೆದ ಹೊಸದರಲ್ಲಿ ಈ ಕಡೆಯ ಹಳ್ಳಿಯೊಂದರಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ವೃದ್ಧೆಗೆ ಪರಮಪ್ರಸಾದ ಕೊಡಲು ಹೋಗುತ್ತಿದ್ದೆನು. ಆಕೆ ಬಾಲಕಿಯಾಗಿದ್ದಾಗ ನಾಲೆಗೆ ಮೊದಲ ನೀರು ಬಿಟ್ಟಿದ್ದರಂತೆ. ಊರವರೆಲ್ಲ ಅರಿಸಿನ ಕುಂಕುಮ ಹಾಕಿ ಪೂಜೆ ಮಾಡಿದುದನ್ನು ನೋಡಲು ಹೋಗಿದ್ದಳಂತೆ. “ನೀರ್ ಬಂದ್ಮೇಲೆ ಅನ್ನ ಬಂತು ಸ್ವಾಮಿ. ಉಣ್ಣಕೆ ನಮ್ ತಮ್ಮಂದ್ರು ಇರ್ನಿಲ್ಲ” ಎಂದಳು. ಇಬ್ಬರು ತಮ್ಮಂದಿರು, ಒಂದೇ ಕಾರ್ತಿಕದಲ್ಲಿ ಹೋದರು. ನಾಲೆಯನ್ನು ಆಕೆ ಬೈಯಲಿಲ್ಲ. ಎರಡೂ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಸರ್ಕಾರವು ಕೈಕಟ್ಟಿ ಕುಳಿತಿತ್ತೆಂದರೆ ಅನ್ಯಾಯವಾದೀತು. ಮೈಸೂರು ಸಂಸ್ಥಾನವು ಆ ಕಾಲಕ್ಕೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವನ್ನು ಪಡೆದು, ಡಾ. ಡಬ್ಲ್ಯೂ. ಸಿ. ಸ್ವೀಟ್ ಎಂಬವರನ್ನು ಆರೋಗ್ಯ ಸಲಹೆಗಾರರನ್ನಾಗಿ ಇರಿಸಿಕೊಂಡಿತ್ತು. ಸಂಸ್ಥಾನದ ಮಲೇರಿಯಾ ತಜ್ಞರಾದ ಡಾ. ಬಿ. ಎ. ರಾವ್ ಅವರು 1928ರಲ್ಲಿ ಇಟಲಿಯಿಂದ ಗಂಬೂಸಿಯಾ ಎಂಬ ಕಿರುಮೀನನ್ನು ತರಿಸಿದರು. ಸೊಳ್ಳೆಯ ಮರಿಗಳನ್ನು ತಿನ್ನುವ ಆ ಮೀನು ಭಾರತಕ್ಕೆ ಬಂದದ್ದು ಅದೇ ಮೊದಲು. ಇಂದಿಗೂ ಆರೋಗ್ಯ ಇಲಾಖೆಯವರು ಬಾವಿಕುಂಟೆಗಳಿಗೆ ಬಿಡುವುದು ಅದರ ಸಂತತಿಯನ್ನೇ. (ನಾಡಮೀನುಗಳ ಮರಿಯನ್ನೂ ಅದು ಬಿಡುವುದಿಲ್ಲವೆಂದು ಈಚಿನವರು ಆಕ್ಷೇಪಿಸುತ್ತಾರೆ; ಅದೂ ನಿಜವೇ.) ನೀರಾವರಿಯವರು ಬ್ಲಾಕ್ ಪದ್ಧತಿಯನ್ನು ತಂದರು. ಸರ್ ಎಂ. ವಿಶ್ವೇಶ್ವರಯ್ಯನವರು ಹಿಂದೆ ಮುಂಬಯಿ ಪ್ರಾಂತದ ನೀರಾ ನಾಲೆಯಲ್ಲಿ ರೂಪಿಸಿದ ಕ್ರಮವಿದು. ಒಂದು ಭಾಗದಲ್ಲಿ ಭತ್ತ, ಒಂದರಲ್ಲಿ ಕಬ್ಬು, ಇನ್ನೊಂದರಲ್ಲಿ ಅರೆ ನೀರಿನ ಬೆಳೆ. ವರ್ಷವರ್ಷಕ್ಕೆ ಸರದಿ ಬದಲು. ನೆಲಕ್ಕೂ ಬಿಡುವು, ನೀರಿನಲ್ಲಿಯೂ ಎಲ್ಲರಿಗೆ ಪಾಲು. ಕಾಗದದ ಮೇಲೆ ಇದಕ್ಕಿಂತ ಚೆಂದದ ಏರ್ಪಾಡಿಲ್ಲ. ಆದರೆ ಭತ್ತದ ರುಚಿ ಕಂಡ ರೈತನಿಗೆ ಮನೆಯ ಪಕ್ಕದ ಗದ್ದೆಯಲ್ಲಿ ಈ ವರ್ಷ ನೀರು ನಿಲ್ಲಿಸಬೇಡವೆಂದರೆ ಅವನು ಕೇಳುವನೇ? ನಾನಾದರೂ ಕೇಳುತ್ತಿರಲಿಲ್ಲ.

ಆಮೇಲೆ ಡಿ.ಡಿ.ಟಿ. ಬಂದಿತು. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿದ್ದಿತೆಂದೂ ಎಂಟು ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜಿದೆ. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಪ್ರಾರಂಭವಾದವು. 1961ರ ವೇಳೆಗೆ ಇಡೀ ದೇಶದಲ್ಲಿ ದಾಖಲಾದ ರೋಗಿಗಳ ಸಂಖ್ಯೆ 50,000ದಷ್ಟಕ್ಕೆ ಇಳಿಯಿತು. ನನ್ನ ಬಾಲ್ಯದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಮನೆಮನೆಗೆ ಬರುತ್ತಿದ್ದ ಆ ಖಾಕಿಯವರನ್ನು ನಾವು ಮಕ್ಕಳು ಮೆರವಣಿಗೆಯಂತೆ ಹಿಂಬಾಲಿಸುತ್ತಿದ್ದೆವು. ಗೋಡೆಗೆ ಬಿಳಿಯ ಲೇಪ ಹಾಕಿ, ಬಾಗಿಲ ಪಕ್ಕದಲ್ಲಿ ತಾರೀಖು ಗುರುತು ಮಾಡಿ ಹೋಗುತ್ತಿದ್ದರು. ಹಬ್ಬ ಹತ್ತಿರ ಬಂದೊಡನೆ ನನ್ನ ತಾಯಿ ಆ ಬಿಳಿಯ ಕಲೆಗಳ ಮೇಲೆ ಕೆಮ್ಮಣ್ಣು ಸಗಣಿ ಸಾರಿಸಿ ಮನೆಯನ್ನು ಲಕ್ಷಣ ಮಾಡುತ್ತಿದ್ದರು. ಔಷಧಿಯೆಲ್ಲ ಮಣ್ಣಿನಡಿಗೆ! ಊರಿನ ಎಲ್ಲ ತಾಯಂದಿರೂ ಮಾಡಿದ್ದು ಅದನ್ನೇ. ಅವರಿಗೆ ಯಾರೂ ಕೂರಿಸಿಕೊಂಡು ಕಾರಣ ಹೇಳಿರಲಿಲ್ಲ.

ಸೊಳ್ಳೆಯೂ ವಿಷಕ್ಕೆ ಒಗ್ಗಿಕೊಂಡಿತು. ಸರ್ಕಾರದ ಎಚ್ಚರಿಕೆಯೂ ಸಡಿಲಿತು. 1976ರಲ್ಲಿ ದೇಶದ ರೋಗಿಗಳ ಸಂಖ್ಯೆ ಮತ್ತೆ 64 ಲಕ್ಷಕ್ಕೆ ಏರಿತು. ಡಿ.ಡಿ.ಟಿ. ಯಶಸ್ವಿಯಾದ ಆ ಹತ್ತು ಹದಿನೈದು ವರ್ಷಗಳಲ್ಲಿ ಮಣ್ಣಿನ ಗುಂಡಿಗಳನ್ನು ಮುಚ್ಚುವ, ಬಸಿಗಾಲುವೆಗಳನ್ನು ತೋಡುವ ಮಾತನ್ನು ಯಾರೂ ಆಡಲಿಲ್ಲ. ಪಂಪಿನಲ್ಲಿ ಮದ್ದಿರುವಾಗ ಗುದ್ದಲಿ ಏಕೆ? ಮದ್ದು ಸೋತಾಗ ಗುಂಡಿಗಳು ಇದ್ದ ಕಡೆಯೇ ಇದ್ದವು. ನನ್ನ ಅಲ್ಪಬುದ್ಧಿಗೆ ಈ ಇಡೀ ಚರಿತ್ರೆಯಲ್ಲಿ ದೊಡ್ಡ ತಪ್ಪಾಗಿ ಕಾಣುವುದು ಇದೇ. ಔಷಧಿಯನ್ನು ವರ್ಷವರ್ಷವೂ ಸಿಂಪಡಿಸಬೇಕು. ಚರಂಡಿಯನ್ನು ಒಮ್ಮೆ ಕಟ್ಟಿ ಆಗಾಗ ಬಳಿದರೆ ಸಾಕು. ಆದರೆ ಚರಂಡಿಯ ಮುಂದೆ ನಿಂತು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ.

ಈಚಿನ ವರ್ಷಗಳಲ್ಲಿ ಮಲೇರಿಯಾ ನಮ್ಮಲ್ಲಿ ಬಹಳ ತಗ್ಗಿದೆ, ದೇವರಿಗೆ ಸ್ತೋತ್ರ. ಆ ಜಾಗಕ್ಕೆ ಡೆಂಗ್ಯೂ, ಚಿಕೂನ್‌ಗುನ್ಯಗಳು ಬಂದಿವೆ. ಇವನ್ನು ತರುವ ಈಡಿಸ್ ಸೊಳ್ಳೆಗೆ ಗದ್ದೆಯೂ ಬೇಡ, ನಾಲೆಯೂ ಬೇಡ. ಮಾಳಿಗೆಯ ಮೇಲಿನ ತೆರೆದ ತೊಟ್ಟಿ, ಮೂಲೆಯ ಒಡೆದ ಕೊಡ, ಹಳೆಯ ಟೈರು, ಎಳನೀರು ಬುರುಡೆ ಸಾಕು. ಇಲ್ಲಿ ನಾನು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಗುರುನಿವಾಸದ ಹಿಂದೆ ಸಿಮೆಂಟಿನ ದೊಡ್ಡ ತೊಟ್ಟಿಯನ್ನು ಕಟ್ಟಿಸಿದೆನು. ಬೀದಿಯವರೂ ಬಂದು ನೀರು ಹಿಡಿಯಲೆಂಬ ಸದುದ್ದೇಶವಿತ್ತು. ಮುಚ್ಚಳಕ್ಕೆ ಹಣ ಉಳಿಯಲಿಲ್ಲ. ಮುಂದಿನ ವರ್ಷ ನೋಡೋಣವೆಂದುಕೊಂಡೆ. ಮುಂದಿನ ಮಳೆಗಾಲದಲ್ಲಿ ಅದೇ ಬೀದಿಯ ನಾಲ್ಕಾರು ಮನೆಗಳಲ್ಲಿ ಡೆಂಗ್ಯೂ ಬಂದಿತು. ಹತ್ತು ವರ್ಷದ ಹುಡುಗಿಯೊಬ್ಬಳು ಬಹಳ ಕಷ್ಟದಿಂದ ಬದುಕಿದಳು. ಆಶಾ ಕಾರ್ಯಕರ್ತೆಯಾದ ತಾಯಿಯೊಬ್ಬರು ನನ್ನ ತೊಟ್ಟಿಯಿಂದ ಲೋಟದಲ್ಲಿ ನೀರು ತೆಗೆದು ಬಿಸಿಲಿಗೆ ಹಿಡಿದು, “ನೋಡಿ ಸ್ವಾಮಿ” ಎಂದರು. ಮರಿಹುಳುಗಳು ಕುಣಿಯುತ್ತಿದ್ದವು. ಆಕೆ ಮತ್ತೇನನ್ನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು. ಅಂದು ಸಂಜೆಯೇ ತೊಟ್ಟಿಯನ್ನು ಬರಿದುಮಾಡಿಸಿದೆನು. ಬೆಂಗಳೂರಿನ ರಾಸ್ ಸಾಹೇಬರ ತೊಟ್ಟಿಯ ಕಥೆಯನ್ನು ನಾನು ಓದಿದ್ದು ಅದಾದ ಮೇಲೆ.

ಈಗ ಹಳ್ಳಿಹಳ್ಳಿಗೂ ನಲ್ಲಿ ಬರುತ್ತಿದೆ. 2019ರಲ್ಲಿ ಆರಂಭವಾದ ಜಲ ಜೀವನ್ ಯೋಜನೆಯನ್ನು ನಮ್ಮ ರಾಜ್ಯದಲ್ಲಿ ಮನೆಮನೆಗೆ ಗಂಗೆ ಎಂದು ಕರೆದರು. ಕೊಡ ಹೊತ್ತು ಬೆನ್ನು ಬಾಗಿದ ಹೆಣ್ಣುಮಕ್ಕಳಿಗೆ ಇದು ವರವೇ ಸರಿ. ಆದರೆ ಗಂಗೆ ಮನೆಗೆ ಬಂದು ಬಚ್ಚಲಿನಿಂದ ಹೊರಟ ಮೇಲೆ ಎಲ್ಲಿಗೆ ಹೋಗಬೇಕು? ಎಷ್ಟೋ ಬೀದಿಗಳಲ್ಲಿ ಅದು ಹೋಗುವುದು ಪಕ್ಕದ ಮನೆಯ ಮುಂದಕ್ಕೆ, ಇಲ್ಲವೇ ಊರ ಕೆರೆಗೆ. ಕಾಂಕ್ರೀಟು ರಸ್ತೆಗಳನ್ನು ಹಾಕುವಾಗ ಪ್ರತಿಸಲವೂ ನೆಲದ ಮಟ್ಟವನ್ನು ಎತ್ತರಿಸಿ, ಹಳೆಯ ಮನೆಗಳು ರಸ್ತೆಗಿಂತ ತಗ್ಗಾಗಿ, ಮಳೆ ಬಂದರೆ ಹೊಸ್ತಿಲು ದಾಟಿ ನೀರು ಒಳಬರುತ್ತದೆ. ನಾಲೆಯ ಕಾಲದ ಕಥೆಯೇ ಚಿಕ್ಕದಾಗಿ ಪ್ರತಿ ಓಣಿಯಲ್ಲೂ ನಡೆಯುತ್ತಿದೆ.

ರೋಗದಿಂದಲೇ ಸಾವು ಬರಬೇಕೆಂದೇನೂ ಇಲ್ಲ. ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಒಂದು ವಿಧಿಯಿದೆ: ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿಗೋಡೆಯನ್ನು ಕಟ್ಟಬೇಕು, ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯ ಮೇಲಿರುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮುಳುಗಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. 2023ರಲ್ಲಿಯೂ ಕಾರುಗಳು ನಾಲೆಗೆ ಬಿದ್ದು ಜೀವಗಳು ಹೋದವು. ಏರಿಯ ಮೇಲೆ ರಸ್ತೆ ಮಾಡಿಕೊಂಡು ಅದರ ಅಂಚಿಗೆ ತಡೆಗೋಡೆಯಿಲ್ಲದೆ ದಶಕಗಳ ಕಾಲ ಓಡಾಡಿದೆವು. ಆ ವಿಧಿಯನ್ನು ಬರೆದವರಿಗೆ ಬಸ್ಸು ತಿಳಿಯದು. ಅಂಚು ಎಂದರೇನೆಂಬುದು ತಿಳಿದಿತ್ತು.

ಬೆಂಗಳೂರು ಮೈಸೂರು ದಶಪಥ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಲೋಕಾರ್ಪಣೆ ಮಾಡಿದ್ದು ನಮ್ಮ ಗೆಜ್ಜಲಗೆರೆಯಲ್ಲೇ. 118 ಕಿಲೋಮೀಟರಿನ ದಾರಿ. ಅಂದಿನ ಜನಸಂದಣಿಯನ್ನು ನಮ್ಮೂರು ಹಿಂದೆಂದೂ ಕಂಡಿರಲಿಲ್ಲ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ಆ ದಾರಿಯಲ್ಲಿ ನಿಷೇಧ ಬಂದಿತು, ಸಾವುಗಳು ಅಷ್ಟಾಗಿದ್ದವು. ಈ ಕಡೆ ಮನೆ, ಆ ಕಡೆ ಗದ್ದೆ ಇರುವವನಿಗೆ ಮಾತ್ರ ಸಮಸ್ಯೆ ತೀರಲಿಲ್ಲ. ಬೇಲಿಯನ್ನು ಸುತ್ತಿಕೊಂಡು ಕೆಳಸೇತುವೆಯಲ್ಲಿ ದಾಟಬೇಕು. ಜೋರು ಮಳೆ ಬಂದ ದಿನ ಕೆಳಸೇತುವೆಯಲ್ಲಿ ನೀರು ನಿಂತಿರುತ್ತದೆ. ಹೆದ್ದಾರಿಗೂ ಕೋಡಿ ಬೇಕು.

ಸಮಿತಿಯ ಕಳೆದ ಸಭೆಯಲ್ಲಿ ಈ ವಿಷಯ ಮತ್ತೆ ಚರ್ಚೆಗೆ ಬಂದಿತು. ಹಿರಿಯರೊಬ್ಬರು, ಮಹಾದ್ವಾರದ ಪಕ್ಷದ ನಾಯಕರೆಂದೇ ಹೇಳಬಹುದು, ಏನೂ ಮಾತಾಡದೆ ನನ್ನೊಡನೆ ಹಿತ್ತಲಿಗೆ ಬಂದು ನೀರು ನಿಂತ ಜಾಗವನ್ನು ಕೋಲಿನಿಂದ ಅಳೆದರು. ಅವರ ತಂದೆ ನೀರುಗಂಟಿಯಾಗಿದ್ದವರು. ಇಳಿಜಾರು ಪೂರ್ವಕ್ಕಿದೆ, ನೀವು ಗುರುತು ಹಾಕಿರುವುದು ದಕ್ಷಿಣಕ್ಕೆ, ಹಾಗೆ ತೋಡಿದರೆ ನೀರು ಹಿಂದಕ್ಕೆ ಬರುತ್ತದೆ ಸ್ವಾಮಿ ಎಂದು ನನ್ನ ನಕ್ಷೆಯನ್ನು ತಿದ್ದಿದರು. ಅವರ ಮಾತೇ ಸರಿಯಿತ್ತು. ಈ ಸಂಚಿಕೆ ತಮ್ಮ ಕೈ ಸೇರುವ ಹೊತ್ತಿಗೆ ಪೂರ್ವದ ಮೂಲೆಯಲ್ಲಿ ಅಗೆತ ಪ್ರಾರಂಭವಾಗಿರುತ್ತದೆ. ಜಾತ್ರೆಯ ದಿನ ಬರುವವರು ಆ ಕಡೆಯ ಹಲಗೆಯ ಮೇಲೆ ಜೋಪಾನವಾಗಿ ನಡೆಯಬೇಕೆಂದು ಪ್ರಾರ್ಥನೆ.